ಐದು ಅಂಗಡಿಗೆ ಒಂದೇ ನಂಬರು

ಕೊಟ್ಟೂರು
೧೦ ಏಪ್ರಿಲ್ ೨೦೨೪

ಸಂಗೀತಾ,

ಚೆನ್ನಾಗಿದ್ದೀಯಾ ಎಂದು ಆಮೇಲೆ ಕೇಳುತ್ತೇನೆ, ಮೊದಲು ಬೈಗುಳ ತಗೋ. ನನ್ನ ಮದುವೆಗೆ ಬರಲಿಲ್ಲ. ಆರು ವರ್ಷ ಸತ್ತೆಯೋ ಇದ್ದೆಯೋ ತಿಳಿಸಲಿಲ್ಲ. ಈಗ ಹಗರಿಬೊಮ್ಮನಹಳ್ಳಿಯ ನಿಮ್ಮ ಡಿಪ್ಲೊಮಾ ಕಾಲೇಜಿನ ಕವರಿನಲ್ಲಿ ಮೂರೇ ಸಾಲು: ‘ಯುನಿಕ್ಸ್ ಲ್ಯಾಬ್ ಕಲಿಸುವ ಜಾಗ ಖಾಲಿ ಇದೆ. ೨೨ಕ್ಕೆ ಡೆಮೊ ಕ್ಲಾಸು. ಒಗ್ಗರಣೆ ಹಾಕುವುದು ಮುಗಿದಿದ್ದರೆ ಬಾ.’ ಮೈಲಾರದ ನಿಮ್ಮಪ್ಪನ ಕುರಿಹಟ್ಟಿಯಲ್ಲಿ ನಿನ್ನ ನಾಲಿಗೆ ಹೇಗಿತ್ತೋ ಹಾಗೇ ಇದೆ. ಮೇಡಂ ಆದರೂ ಹರಿತ ಕಡಿಮೆಯಾಗಿಲ್ಲ.

ನಾನು ಬರೀ ಒಗ್ಗರಣೆ ಹಾಕುತ್ತಿಲ್ಲ ತಾಯಿ, ಕೇಳು. ನನ್ನ ಮಾವ ಶಿವಯೋಗಪ್ಪನವರಿಗೆ ಬೀಜ-ಗೊಬ್ಬರದ ಐದು ಅಂಗಡಿಗಳಿವೆ: ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಹರಪನಹಳ್ಳಿಯದನ್ನು ನನ್ನ ಗಂಡ ಅರುಣಕುಮಾರ್ ನೋಡಿಕೊಳ್ಳುತ್ತಾರೆ. ಕೊಟ್ಟೂರಿನದು ಮನೆಯ ಮುಂದೆಯೇ ಇದೆ, ಅಲ್ಲಿ ಮಾವ ಕೂರುತ್ತಾರೆ. ಐದೂ ಅಂಗಡಿಯ ಬಿಲ್ಲು, ದಾಸ್ತಾನು ಎಲ್ಲ ಇರುವುದು ನಮ್ಮ ಮನೆಯ ಹಿಂದಿನ ಖೋಲಿಯ ಸರ್ವರಿನಲ್ಲಿ. ಆ ಸರ್ವರಿನ ಫೋಲ್ಡರನ್ನು ಪ್ರತಿ ಅಂಗಡಿಯ ಕಂಪ್ಯೂಟರಿಗೂ ಮೌಂಟ್ ಮಾಡಿದ್ದೇನೆ. ಹಡಗಲಿಯಲ್ಲಿ ಬಿಲ್ಲು ಹೊಡೆಯುವ ಗಾದಿಲಿಂಗನಿಗೆ ಅದು ತನ್ನ ಕಂಪ್ಯೂಟರಿನೊಳಗೇ ಇದ್ದಂತೆ ಕಾಣುತ್ತದೆ, ನಿಜಕ್ಕೂ ಇರುವುದು ನನ್ನ ಬೆನ್ನ ಹಿಂದೆ. ಈ ಮೌಂಟುಗಳು ಜೀವಂತ ಇವೆಯೋ ಇಲ್ಲವೋ ಎಂದು ಆಯಾ ಅಂಗಡಿಯ ಕಂಪ್ಯೂಟರಿನಲ್ಲೇ ಐದೈದು ನಿಮಿಷಕ್ಕೊಮ್ಮೆ ನೋಡುವ ಶೆಲ್ ಸ್ಕ್ರಿಪ್ಟನ್ನೂ ನಾನೇ ಬರೆದಿದ್ದೇನೆ. ಏನಾದರೂ ಕೆಟ್ಟರೆ ಅದು ನನ್ನ ಫೋನನ್ನೇ ಬಡಿಯುತ್ತದೆ.

ನಾನು ಮನೆಯಲ್ಲಿದ್ದಾಗ ಆ ಫೋನು ಇರುವುದು ಅಂಗಡಿಯ ಗಲ್ಲೆಯ ಮೇಲೆ. ಯಾರು ಬೇಕಾದರೂ ಎತ್ತುತ್ತಾರೆ, ಬಂದ ಮೆಸೇಜನ್ನೆಲ್ಲ ಗಟ್ಟಿಯಾಗಿ ಓದುತ್ತಾರೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ನೀನೂ ಬರೆ, ಫೋನು ಮಾಡಬೇಡ.

ಡೆಮೊ ಕ್ಲಾಸಿಗೆ ಬರುತ್ತೇನೆ ಕಣೇ. ಮನೆಯಲ್ಲಿ ಹೇಳಿದ್ದೇನೆ. ಮಾವ ‘ಸರ್ವರ್ ಯಾರು ನೋಡ್ತಾರ?’ ಅಂದರು. ಅತ್ತೆ ದಾಕ್ಷಾಯಣಮ್ಮ ಮುಸುರೆ ತೊಳೆಯಲು ಎದ್ದು ಹೋದರು. ಆದರೆ ನನಗೆ ಈ ಕೆಲಸ ಬೇಕು. ಹೊಸ್ತಿಲಾಚೆ ನನ್ನದು ಅಂತ ಒಂದು ಕುರ್ಚಿ ಇರಬೇಕು ಅಂತ ಎಷ್ಟು ಆಸೆ ಗೊತ್ತಾ ನಿನಗೆ?

ಇನ್ನೂ ಸಿಟ್ಟಿರುವ,
ಪುಷ್ಪಲತಾ

*

ಹಗರಿಬೊಮ್ಮನಹಳ್ಳಿ
೨೪ ಏಪ್ರಿಲ್

ಲೇ ಪುಷ್ಪಿ,

ಬರಲಿಲ್ಲವಲ್ಲ! ಪ್ರಿನ್ಸಿಪಾಲ್ ಹನುಮಣ್ಣ ಸರ್, ನಾನು, ಮತ್ತೆ ರಜೆಯಲ್ಲಿ ಕಾಡಿ ಬೇಡಿ ಕರೆಸಿದ ಒಂದಿಷ್ಟು ಹುಡುಗಿಯರು ಲ್ಯಾಬಿನಲ್ಲಿ ಬಾಗಿಲು ನೋಡುತ್ತಾ ಕೂತಿದ್ದೆವು. ಸರ್ ಕೊನೆಗೆ ‘ನಿಮ್ಮ ಗೆಳತಿ ಬರ್ತಾರೇನ್ರಿ, ಇಲ್ಲಾ ನಾವ ಅವರ ಮನಿಗಿ ಹೋಗೂಣೇನು?’ ಅಂದರು. ನನ್ನ ಮುಖ ಎಲ್ಲಿಡಲಿ?

ಮದುವೆಗೆ ಏಕೆ ಬರಲಿಲ್ಲ ಅಂತ ಕೇಳುತ್ತೀಯಲ್ಲ, ಇದಕ್ಕೇ. ಕ್ಲಾಸಿನಲ್ಲಿ ಎಲ್ಲರಿಗಿಂತ ಮುಂದಿದ್ದವಳು ನೀನು. ‘ಮದುವೆ ಆದ ಮ್ಯಾಲೂ ಕೆಲಸ ಮಾಡ್ತೀನಲೇ’ ಅಂದಿದ್ದೆ. ಮಾಡುವುದಿಲ್ಲ ಅಂತ ನನಗೆ ಗೊತ್ತಿತ್ತು. ಅಕ್ಷತೆ ಹಾಕಲು ಕೈ ಏಳಲಿಲ್ಲ.

ಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಕೇಳಿಕೊಂಡಿದ್ದಕ್ಕೆ ಸರ್ ಮೇ ೨೦ಕ್ಕೆ ಇನ್ನೊಂದು ದಿನ ಕೊಟ್ಟಿದ್ದಾರೆ. ಏನಾಯಿತು ಬರೆ. ಸುಳ್ಳು ಬರೆಯಬೇಡ.

ಸಂಗೀತಾ

*

ಕೊಟ್ಟೂರು
೨೯ ಏಪ್ರಿಲ್

ಸಂಗೀತಾ,

ಬೈದದ್ದು ಸರಿ. ಕೇಳಿಸಿಕೊಂಡೆ. ಈಗ ನನ್ನದೂ ಕೇಳು.

ಅವತ್ತು ಬಸ್ಸು ಹತ್ತಿ ಕಿಟಕಿ ಪಕ್ಕ ಕೂತೂ ಆಗಿತ್ತು. ಕಂಡಕ್ಟರ್ ಟಿಕೆಟಿಗೆ ಬರುವಷ್ಟರಲ್ಲಿ ಮಾವನ ಫೋನು. ‘ಎಲ್ಲಿ ಅದೀ? ಹಡಗಲಿ ನಿಂತೈತಿ, ಕೂಡ್ಲಿಗಿ ನಿಂತೈತಿ, ಗಾದಿಲಿಂಗ ಬಾಯಿ ಬಾಯಿ ಬಡ್ಕೊಳ್ಳಾಕತ್ಯಾನ. ಇಳಿ ಮದ್ಲ!’ ಇಳಿದೆ. ಬಿಸಿಲಲ್ಲಿ ಮನೆವರೆಗೆ ಓಡಿದೆ ಕಣೇ, ಸೆರಗು ಬಿದ್ದದ್ದೂ ಗೊತ್ತಾಗಲಿಲ್ಲ. ಬಂದು ನೋಡಿದರೆ ಎಲ್ಲ ಸರಿ ಇದೆ! ಸರ್ವರು ಓಡುತ್ತಿದೆ, ಅಂಗಡಿಗಳಲ್ಲಿ ಬಿಲ್ಲು ಬರುತ್ತಿದೆ. ಗಂಡ ಫೋನಿನಲ್ಲಿ ‘ನಿನ್ನ ಕೈಗುಣ ನೋಡು, ಹೊಸ್ತಿಲ ದಾಟಿ ಒಳಗ ಬಂದ್ರ ಸಾಕು, ತಾನಾ ರಿಪೇರಿ ಆಗ್ತತಿ’ ಅಂತ ನಕ್ಕರು. ಅತ್ತೆ ಬಾಗಿಲಲ್ಲೇ ನೀರು ಹಿಡಿದು ನಿಂತಿದ್ದರು. ‘ಬಂದ್ಯಾ? ಚೊಲೋ ಆತು ಬಿಡವ್ವಾ,’ ಅಂದರು. ನನಗೆ ಅಳು ಬಂತು.

ನನ್ನ ಸ್ಕ್ರಿಪ್ಟು ಏಕೆ ಬಾಯಿ ಬಿಡಲಿಲ್ಲ ಅಂತ ಸಂಜೆ ನೋಡಿದೆ. ನಗಬೇಡ. ಮೌಂಟು ಇದೆಯಾ ಅಂತ ನೋಡಲು ಅದು ಡಿಎಫ್ ಅನ್ನುವ ಕಮಾಂಡು ಓಡಿಸುತ್ತಿತ್ತು. ಸರ್ವರ್ ಸುಮ್ಮನಾದಾಗ ಉತ್ತರಕ್ಕೆ ಕಾಯುತ್ತಾ ಡಿಎಫ್ ಅಲ್ಲೇ ಸಿಕ್ಕಿಕೊಂಡಿದೆ. ಐದು ನಿಮಿಷಕ್ಕೆ ಇನ್ನೊಂದು ಡಿಎಫ್ ಬಂದಿದೆ, ಅದೂ ಸಿಕ್ಕಿಕೊಂಡಿದೆ. ಬಾವಿಗೆ ಬಿದ್ದವನನ್ನು ಹುಡುಕಲು ಕಳಿಸಿದವರೆಲ್ಲ ಅದೇ ಬಾವಿಗೆ ಬಿದ್ದರು. ಕಾಲೇಜಿನಲ್ಲಿ ಓದಿದ್ದೆವಲ್ಲ, ಇಂಥ ಪ್ರೋಸೆಸ್ಸಿಗೆ ಕಿಲ್ ಮೈನಸ್ ನೈನ್ ಅಂತ ಕೊಲ್ಲಲು ಹೋದರೂ ಎಷ್ಟೋ ಸಲ ನಾಟುವುದಿಲ್ಲ. ಏಳುವುದೂ ಇಲ್ಲ, ಸಾಯುವುದೂ ಇಲ್ಲ. ಆಚೆಯಿಂದ ಉತ್ತರ ಬರುವವರೆಗೆ ಕಾಯುವುದೊಂದೇ ಅದರ ಕೆಲಸ. ಸ್ಕ್ರೀನಿನ ಮೇಲೆ ಆ ಸಾಲುಗಳನ್ನು ನೋಡುತ್ತಾ ನನ್ನ ಜಾತಕ ಯಾರೋ ಓದಿ ಹೇಳಿದಂತಾಯಿತು.

ಮೇ ೨೦ಕ್ಕೆ ಬರುತ್ತೇನೆ. ಸ್ಕ್ರಿಪ್ಟು ತಿದ್ದುತ್ತೇನೆ. ಹೇಗೆ ತಿದ್ದಲಿ ಹೇಳು, ನೀನೀಗ ಮೇಡಂ ಅಲ್ಲವಾ?

ಪುಷ್ಪಾ

*

ಹಗರಿಬೊಮ್ಮನಹಳ್ಳಿ
೬ ಮೇ

ಪುಷ್ಪಿ,

ಸಿಟ್ಟು ಇಳಿದಿದೆ. ಪೂರ್ತಿ ಇಳಿದಿಲ್ಲ.

ಮೊದಲು ಪಾಠ. ಸತ್ತಿದೆಯೋ ಬದುಕಿದೆಯೋ ಗೊತ್ತಿಲ್ಲದ ಮೌಂಟನ್ನು ನೇರ ಮುಟ್ಟಬೇಡ. ಕರ್ನಲ್ಲಿನ ಮೌಂಟ್ ಪಟ್ಟಿಯನ್ನು ಓದು, ಅದಕ್ಕೆ ಸರ್ವರ್ ಬೇಕಿಲ್ಲ, ಸಿಕ್ಕಿಕೊಳ್ಳುವುದಿಲ್ಲ. ಅಲ್ಲಿ ಹೆಸರಿದ್ದರೆ ಮಾತ್ರ ಒಂದು ಸ್ಟ್ಯಾಟ್ ಕಮಾಂಡನ್ನು ಹಿನ್ನೆಲೆಯಲ್ಲಿ ಕಳಿಸು, ಇಷ್ಟೇ ಹೊತ್ತು ಅಂತ ಅದಕ್ಕೆ ಟೈಮ್‌ಔಟ್ ಕಟ್ಟು. ಹೋದವನು ಹೊತ್ತಿಗೆ ಬಾರದಿದ್ದರೆ ಅವನಿಗಾಗಿ ಕಾಯಬೇಡ, ‘ಮೌಂಟ್ ನಿಂತಿದೆ’ ಅಂತ ಬರೆದುಕೊಂಡು ಮುಂದೆ ಹೋಗು. ಹಳೆಯ ಸ್ಕ್ರಿಪ್ಟು ಇನ್ನೂ ಓಡುತ್ತಿದ್ದರೆ ಹೊಸದು ಶುರುವಾಗದಂತೆ ಬೀಗದ ಫೈಲು ಇಡು. ಹಿಂದಿನ ಬೆಂಚಿನ ಹುಡುಗಿಯರೂ ಇಷ್ಟನ್ನು ಮಾಡುತ್ತಾರೆ. ನಿನಗೆ ಮರೆತಿದೆ ಅಂದರೆ ಸಂಕಟವಾಗುತ್ತದೆ.

ಈಗ ಒಂದು ಪ್ರಶ್ನೆ. ಹಡಗಲಿ ನಿಂತಿತು, ಕೂಡ್ಲಿಗಿ ನಿಂತಿತು ಅಂತ ಬರೆದೆ. ಉಳಿದ ಮೂರು? ಐದೂ ಒಟ್ಟಿಗೇ ನಿಂತವಾ? ಹಡಗಲಿಯ ಇಂಟರ್ನೆಟ್ಟು ಬೇರೆ, ಕೂಡ್ಲಿಗಿಯದು ಬೇರೆ. ಐದು ಊರಿನ ಲೈನು ಒಂದೇ ಗಳಿಗೆಗೆ ಕೆಡುವುದಿಲ್ಲ. ಯಾವ ಅಂಗಡಿ ಎಷ್ಟು ಹೊತ್ತಿಗೆ ನಿಂತಿತು ಅಂತ ಸ್ಕ್ರಿಪ್ಟಿಗೆ ಬರೆದಿಡಲು ಹೇಳು. ಇನ್ನೊಮ್ಮೆ ಹೀಗಾದರೆ ನನಗೆ ತಿಳಿಸು.

ಇನ್ನೊಮ್ಮೆ ಆಗದಿರಲಿ ಅಂತ ಮೈಲಾರಲಿಂಗನಿಗೆ ಹೇಳಿಕೊಂಡಿದ್ದೇನೆ. ನಮ್ಮಪ್ಪ ‘ಪುಷ್ಪವ್ವ ಬರ್ತಾಳಂತ? ಹಂಗಾರ ಒಂದು ಮರಿ ಬಿಟ್ಟಿರ್ತೀನಿ’ ಅಂದಿದ್ದಾನೆ. ಲಿಂಗಾಯತರ ಹುಡುಗಿಗೆ ಮರಿ ತಿನ್ನಿಸಲು ಹೊರಟ ನಮ್ಮಪ್ಪನಿಗೆ ಬುದ್ಧಿ ಹೇಳಿ ಸಾಕಾಗಿದೆ.

ಸಂಗೀತಾ

*

ಕೊಟ್ಟೂರು
೨೧ ಮೇ

ಸಂಗೀತಾ,

ನಿನ್ನೆಯೂ ನೀನು ಬಾಗಿಲು ನೋಡುತ್ತಾ ಕೂತಿರುತ್ತೀಯ ಅಂತ ನೆನೆಸಿಕೊಂಡು ಊಟ ಸೇರಲಿಲ್ಲ.

ಅರ್ಧ ದಾರಿಗೆ ಬಂದಿದ್ದೆ. ಫೋನು ಟಣ್ ಟಣ್ ಅಂತ ಬಡಿಯಿತು. ಈ ಸಲ ಸ್ಕ್ರಿಪ್ಟು ಸರಿಯಾಗಿ ಕೆಲಸ ಮಾಡಿದೆ, ಅದು ಬೇರೆ ಹೊಟ್ಟೆಯುರಿ. ಹಿಂದೆಯೇ ಮಾವ: ‘ಮೆಕ್ಕಿಜ್ವಾಳದ ಬೀಜಕ್ಕ ಮಂದಿ ಸಾಲ ನಿಂತೈತಿ. ನೀ ಅಲ್ಲಿ ಪಾಠ ಮಾಡಾಕ ಹೊಂಟೀ. ತಿರುಗಿ ಬರದಿದ್ರ ಇನ್ನ ಮ್ಯಾಲ ಹೊಸ್ತಿಲ ದಾಟಬ್ಯಾಡ.’ ರಸ್ತೆ ಮಧ್ಯದಲ್ಲಿ ಇಳಿದು ಬೇವಿನ ಗಿಡದ ಕೆಳಗೆ ನಿಂತು ವಾಪಸು ಬಸ್ಸು ಹಿಡಿದೆ. ಮನೆಗೆ ಬಂದರೆ ಮತ್ತೆ ಎಲ್ಲ ಸರಿ!

ನಿನ್ನ ಪ್ರಶ್ನೆಗೆ ಉತ್ತರ: ಐದೂ ಒಟ್ಟಿಗೇ ನಿಂತಿವೆ, ಐದೂ ಒಟ್ಟಿಗೇ ಎದ್ದಿವೆ. ಮನೆಗೆ ಹತ್ತು ಹೆಜ್ಜೆ ದೂರದ ಕೊಟ್ಟೂರಿನ ಅಂಗಡಿ ಕೂಡ. ಹಾಗಾದರೆ ಕೆಟ್ಟದ್ದು ಯಾವ ಊರಿನ ಲೈನೂ ಅಲ್ಲ. ಸರ್ವರಿನ ಪಕ್ಕ ಒಂದು ಬಿಳಿ ಡಬ್ಬಿ ಇದೆ, ಎಲ್ಲ ತಂತಿಯೂ ಅದರ ಮೂಲಕವೇ ಹಾಯುತ್ತದೆ. ಅದಕ್ಕೆ ಕರೆಂಟು ಹೋದರೆ ಮಾತ್ರ ಹೀಗೆ ಆಗುತ್ತದೆ. ಮತ್ತೆ ಕರೆಂಟು ಕೊಟ್ಟರೆ ಮೌಂಟುಗಳು ಏನೂ ಆಗದವರಂತೆ ಎದ್ದು ಕೂರುತ್ತವೆ. ನಿನ್ನೆ ಮನೆಯಲ್ಲಿ ಕರೆಂಟು ಹೋಗಿರಲಿಲ್ಲ.

ಅಂದರೆ ಯಾರೋ ಕೀಳುತ್ತಿದ್ದಾರೆ. ನಾನು ಹೊರಟಾಗ ಕಿತ್ತು, ಬಂದಾಗ ಹಾಕುತ್ತಿದ್ದಾರೆ. ಮೈಯೆಲ್ಲ ಉರಿಯುತ್ತಿದೆ ಸಂಗೀತಾ. ಮಾವನೇ ಇರಬೇಕು. ಬಾಯಲ್ಲಿ ಬೇಡ ಅನ್ನಲಾರದೆ ಹೀಗೆ ಮಾಡುತ್ತಿದ್ದಾರೆ. ತವರು ನೀಲಗುಂದಕ್ಕೆ ಹೋಗುತ್ತೇನೆಂದು ಹೇಳಿ ಹೊರಟು ಹಿತ್ತಲಿನಿಂದ ವಾಪಸು ಬರುತ್ತೇನೆ. ಕೈಯಲ್ಲಿ ಪ್ಲಗ್ಗು ಹಿಡಿದಿರುವಾಗಲೇ ಹಿಡಿಯುತ್ತೇನೆ. ಆಮೇಲೆ ನನ್ನನ್ನು ಯಾರೂ ತಡೆಯಲಾರರು.

ಪುಷ್ಪಾ

*

ಕೊಟ್ಟೂರು
೨ ಜೂನ್

ಸಂಗೀತಾ,

ಆ ಜಾಗ ಬೇರೆ ಯಾರಿಗಾದರೂ ಕೊಡಲು ಹೇಳು.

ಹಿಡಿದೆ. ಹಿತ್ತಲ ಬಾಗಿಲಿನಿಂದ ಚಪ್ಪಲಿ ಬಿಟ್ಟು ಒಳಗೆ ಬಂದೆ. ಖೋಲಿಯಲ್ಲಿ ಅತ್ತೆ ನೆಲದ ಮೇಲೆ ಕೂತಿದ್ದರು. ಬಿಳಿ ಡಬ್ಬಿಯ ಪ್ಲಗ್ಗು ಮಡಿಲಲ್ಲಿತ್ತು. ಮುಂದಿನ ಅಂಗಡಿಯಲ್ಲಿ ಮಾವ ಗಾದಿಲಿಂಗನಿಗೆ ಫೋನಿನಲ್ಲಿ ಒದರುತ್ತಿದ್ದರು.

‘ಅತ್ತೀ, ನೀವಾ?’ ಅಂದೆ.

‘ನಾನವ್ವಾ,’ ಅಂದರು. ಬಚ್ಚಿಡಲಿಲ್ಲ, ಗಾಬರಿ ಬೀಳಲಿಲ್ಲ. ‘ಎದಕ್ಕ ಅಂತ ಕೇಳಬ್ಯಾಡ.’

ಕೇಳಿದೆ. ಬಾಯಿಗೆ ಬಂದದ್ದೆಲ್ಲ ಅಂದೆ. ನನ್ನ ಬಾಳು ಹಾಳು ಮಾಡಿದಿರಿ, ಹೊಟ್ಟೆಕಿಚ್ಚು ನಿಮಗೆ, ಮಗಳಾಗಿದ್ದರೆ ಹೀಗೆ ಮಾಡುತ್ತಿದ್ದಿರಾ ಅಂತೆಲ್ಲ. ಅವರು ಕುಪ್ಪಸದ ತೋಳು ಮೇಲೆ ಸರಿಸಿದರು. ಹಳೆಯ ಕಲೆಗಳ ಮೇಲೆ ಹೊಸದೊಂದು, ಹಳದಿಗೆ ತಿರುಗುತ್ತಿದ್ದದ್ದು, ನಾನು ಅರ್ಧ ದಾರಿ ಹೋಗಿ ಬಂದ ದಿನದ್ದಿರಬೇಕು.

‘ನೀ ಮನ್ಯಾಗ ಇದ್ರ ನಿಮ್ಮ ಮಾವ ಸೊಸಿ ಅದಾಳ ಅಂತ ನಾಚ್ಕೋತಾರ. ನೀ ಹ್ವಾದ ದಿನ ಕೈ ನಿಲ್ಲಾಂಗಿಲ್ಲ. ನಿನ್ನ ತಂಗಿ ಮದಿವಿಗಿ ವಾರ ಹೋಗಿದ್ಯಲ್ಲ, ಆಗ ಪಕ್ಕಿ ಎಲುವು ಮುರೀತು. ಬಚ್ಚಲದಾಗ ಬಿದ್ದೆ ಅಂದಿದ್ನಲ್ಲ, ಬಿದ್ದಿದ್ದಿಲ್ಲ. ಇನ್ನ ದಿನಾ ಹೋಗ್ತೀನಿ ಅಂತೀ. ದಿನಾ ಅಂದ್ರ ನಾ ಏನು ಮಾಡ್ಲಿ?’

ಆರು ವರ್ಷ ಒಂದೇ ಸೂರಿನ ಕೆಳಗಿದ್ದೇನೆ ಸಂಗೀತಾ. ನಾನಿದ್ದಾಗ ಅದು ನಡೆಯುವುದಿಲ್ಲ, ಅದಕ್ಕೇ ನನಗೆ ಗೊತ್ತಾಗಲಿಲ್ಲ. ಪ್ಲಗ್ಗಿನ ವಿಷಯ ಯಾರು ಹೇಳಿಕೊಟ್ಟರು ಅಂತ ಕೇಳಿದೆ. ‘ನೀನವ್ವಾ’ ಅಂದರು. ನಿಜ. ಮದುವೆಯಾದ ಹೊಸದರಲ್ಲಿ ಅವರು ಕಸ ಹೊಡೆಯುವಾಗ ‘ಅತ್ತೀ, ಇದೊಂದು ಕೀಳಬ್ಯಾಡ್ರಿ, ಕಿತ್ರ ನಾ ಎಲ್ಲಿದ್ರೂ ಓಡಿ ಬರಬೇಕಾಗ್ತತಿ’ ಅಂತ ಜಂಬದಿಂದ ಹೇಳಿದ್ದೆ.

ಹೊರಗೆ ಮಾವ ‘ಪುಷ್ಪಾಗ ಫೋನ್ ಹಚ್ರಿ’ ಅಂತ ಕೂಗಿದರು. ಅತ್ತೆಯ ಮೈ ಹೇಗೆ ಕುಗ್ಗಿತು ಅಂದರೆ, ಅದನ್ನು ನೋಡಿದ ಮೇಲೆ ಬೈಯಲು ನಾಲಿಗೆ ಬರಲಿಲ್ಲ. ಪ್ಲಗ್ಗು ನಾನೇ ಹಾಕಿದೆ. ಏನೋ ಮರೆತು ವಾಪಸು ಬಂದೆ ಅಂತ ಮಾವನಿಗೆ ಹೇಳಿದೆ.

ಈಗ ಹೇಗೆ ಬರಲಿ ಹೇಳು? ಬೀಗ ಹಾಕಿದವರು ಕೆಟ್ಟವರಾಗಿದ್ದರೆ ಒಡೆದು ಬರುತ್ತಿದ್ದೆ.

ಪುಷ್ಪಾ

*

ಹಗರಿಬೊಮ್ಮನಹಳ್ಳಿ
೮ ಜೂನ್

ಪುಷ್ಪಿ,

ನಿನ್ನ ಕಾಗದ ಓದಿ ಸ್ಟಾಫ್ ರೂಮಿನಲ್ಲೇ ಅತ್ತುಬಿಟ್ಟೆ. ಹನುಮಣ್ಣ ಸರ್ ಯಾರಾದರೂ ತೀರಿಕೊಂಡರಾ ಅಂತ ಕೇಳಿದರು. ಅತ್ತಾಯಿತು, ಈಗ ಜಗಳ.

ಜಾಗ ಬೇರೆಯವರಿಗೆ ಕೊಡಿಸುವುದಿಲ್ಲ. ಡೆಮೊ ಕ್ಲಾಸಿಗೆ ಜೂನ್ ೨೪ರ ಸೋಮವಾರ ಕೊನೆಯ ದಿನ. ಅದು ದಾಟಿದರೆ ಸರ್ ಕೈಯಲ್ಲೂ ಇಲ್ಲ, ನನ್ನ ಕೈಯಲ್ಲೂ ಇಲ್ಲ.

ನೀನು ಮನೆಯಲ್ಲಿದ್ದರೆ ನಿಮ್ಮತ್ತೆ ಏಟು ತಿನ್ನುವುದಿಲ್ಲ, ಒಪ್ಪಿದೆ. ಅದಕ್ಕಾಗಿ ನೀನು ಇನ್ನು ಮೂವತ್ತು ವರ್ಷ ಅವರ ಮುಂದೆ ಗೋಡೆಯಾಗಿ ನಿಲ್ಲುತ್ತೀಯಾ? ಕೈ ಎತ್ತುವವರು ಹಾಯಾಗಿ ಗಲ್ಲೆಯ ಮೇಲೆ ಕೂತಿರುತ್ತಾರೆ, ಹೆಂಗಸರಿಬ್ಬರು ಒಬ್ಬರನ್ನೊಬ್ಬರು ಕಾಯುತ್ತಾ ಖೋಲಿಯಲ್ಲಿ ಕೊಳೆಯಬೇಕು. ಚೆನ್ನಾಗಿದೆ ನ್ಯಾಯ! ಅವರನ್ನೂ ಕರೆದುಕೊಂಡು ಬಾ. ನನ್ನ ಬಾಡಿಗೆ ಮನೆಯಲ್ಲಿ ಒಂದು ಖೋಲಿ ಸುಮ್ಮನೆ ಬಿದ್ದಿದೆ. ನಿನ್ನ ಗಂಡನಿಗೂ ಹೇಳು. ಅವರ ಹೆತ್ತ ತಾಯಿ ಅಲ್ಲವಾ?

ಇನ್ನೊಂದು ಮಾತು, ಬೇಜಾರಾದರೂ ಓದು. ಐದು ಅಂಗಡಿಯ ಸ್ಕ್ರಿಪ್ಟಿನಲ್ಲಿ ನಿನ್ನೊಬ್ಬಳ ನಂಬರೇ ಏಕಿದೆ? ಮಾವ ಹಾಕಿದ್ದಲ್ಲ, ನೀನು ಹಾಕಿದ್ದು. ‘ಪುಷ್ಪಾ ಇಲ್ಲದಿದ್ರ ಏನೂ ನಡ್ಯಾಂಗಿಲ್ಲ’ ಅನ್ನಿಸಿಕೊಳ್ಳುವುದು ನಿನಗೂ ಹಿತವಾಗಿತ್ತು. ಆ ಸಾಲು ಅಳಿಸು. ಅರುಣಕುಮಾರರ ನಂಬರು ಹಾಕು. ಸತ್ತ ಮೌಂಟನ್ನು ಬಿಡಿಸಿ ಮತ್ತೆ ಜೋಡಿಸುವುದನ್ನು ಸ್ಕ್ರಿಪ್ಟೇ ಮೊದಲು ಒಂದು ಸಲ ಪ್ರಯತ್ನಿಸಲಿ. ಅದಾಗದಿದ್ದರೆ ಗಂಡಸು ಎದ್ದು ಬಂದು ನೋಡಲಿ.

ಸಂಗೀತಾ

*

ಕೊಟ್ಟೂರು
೧೯ ಜೂನ್

ಸಂಗೀತಾ,

ನಂಬರಿನ ಮಾತು ಚುಚ್ಚಿತು. ನಿಜವಾಗಿದ್ದರಿಂದ ಹೆಚ್ಚು ಚುಚ್ಚಿತು. ಅಳಿಸಿದ್ದೇನೆ. ಸ್ಕ್ರಿಪ್ಟೀಗ ಇವರ ಫೋನಿಗೆ ಬಡಿಯುತ್ತದೆ. ‘ನನಗೇನು ತಿಳೀತತಿ ಇದ್ರಾಗ?’ ಅಂತ ಕೂಗಾಡಿದರು. ಮೂರು ಕಮಾಂಡು ಕಲಿಸಿದೆ. ಕಲಿಯಬಲ್ಲರು, ಇಷ್ಟು ದಿನ ಯಾರೂ ಕಲಿ ಅಂದಿರಲಿಲ್ಲ.

ಅತ್ತೆಯ ವಿಷಯವನ್ನೂ ಹೇಳಿದೆ. ಅನ್ನ ಕಲಸುತ್ತಾ ‘ನಾ ಸಣ್ಣಾಂವ ಇದ್ದಾಗಿಂದ ಐತಿ ಅದು. ನೀ ಹೊಸದಾಗಿ ನೋಡಾಕತ್ತೀ’ ಅಂದರು. ನಾನು ಅವರ ಮುಂದಿನ ತಟ್ಟೆ ಎತ್ತಿಕೊಂಡು ಒಳಗೆ ಹೋದೆ.

ನಿನ್ನ ಖೋಲಿಯ ಮಾತು ಅತ್ತೆಗೆ ಹೇಳಿದೆ. ‘ಈ ವಯಸ್ಸಿನ್ಯಾಗ ಮನಿ ಬಿಟ್ಟು ಹ್ವಾದ್ಲು ಅನ್ನಿಸ್ಕೊಳ್ಳಲೇನು?’ ಅಂದರು, ಅಷ್ಟೇ. ಆಮೇಲೆ ನನ್ನ ಹಸಿರು ಸೀರೆಗೆ ಗಂಜಿ ಹಾಕಿ ಒಣಗಿಸಿದ್ದಾರೆ. ಸೋಮವಾರದ ಮಾತನ್ನು ಇಬ್ಬರೂ ಎತ್ತುತ್ತಿಲ್ಲ.

ಬರುತ್ತೇನೆ ಅಂತ ಬರೆಯಲಾರೆ. ಬರುವುದಿಲ್ಲ ಅಂತ ಬರೆಯಲೂ ಮನಸ್ಸಿಲ್ಲ. ನೀನು ಬಾಗಿಲು ನೋಡಬೇಡ.

ಪುಷ್ಪಾ

*

ಕೊಟ್ಟೂರು
೨೭ ಜೂನ್

ಸಂಗೀತವ್ವಗ ದಾಕ್ಷಾಯಣಮ್ಮ ಮಾಡುವ ಆಶೀರ್ವಾದ.

ನಾ ಯಾರು ಅಂತ ನಿನಗ ಗೊತ್ತೈತಿ, ಪುಷ್ಪಾನ ಅತ್ತಿ. ನಿನ್ನ ಕವರ್ ಹಿಂದ ವಿಳಾಸ ಇತ್ತು, ನೋಡಿ ಬರ್ಯಾಕತ್ತೀನಿ. ನನಗ ಪುಸ್ತಕದ ಮಾತು ಬರಾಂಗಿಲ್ಲ, ಬಾಯಿಗಿ ಬಂದಂಗ ಬರೀತೀನಿ. ತಪ್ಪಿದ್ರ ನೀ ತಿದ್ದಿ ಓದ್ಕೋ, ನೀ ಮೇಡಂ ಅದೀ.

ಸೋಮವಾರ ಮುಂಜಾನಿ ಆಕಿ ಸೀರಿ ಉಟ್ಗಂಡು ನಡುಮನ್ಯಾಗ ನಿಂತಿದ್ಲು. ಹೋಗಾಕೂ ಒಲ್ಲಳು, ಕುಂದ್ರಾಕೂ ಒಲ್ಲಳು. ನಾನ ಕೈ ಹಿಡಕೊಂಡು ಹಿತ್ತಲ ಬಾಗಿಲಿಂದ ಕಳಿಸ್ದೆ. ಫೋನ್ ಇಸ್ಗಂಡೆ. ‘ಇದು ನಿನ್ನ ಕೂಡ ಇದ್ರ ನೀ ಮುಟ್ಟಾಂಗಿಲ್ಲ, ಕೊಡಿಲ್ಲೆ’ ಅಂದೆ. ನನ್ನ ಮುಖ ನೋಡಿದ್ಲು. ‘ಅತ್ತೀ, ಡಬ್ಬಿ?’ ಅಂದ್ಲು. ‘ಮುಟ್ಟಾಂಗಿಲ್ಲ, ನನ್ನ ಮಗನ ಆಣಿ’ ಅಂದೆ. ಖರೇನ ಮುಟ್ಟಲಿಲ್ಲವ್ವಾ.

ನಮ್ಮ ಹಣೆಬಾರ ನೋಡು. ಆಕಿ ಹೋಗಿ ಸ್ವಲ್ಪ ಹೊತ್ತಿಗಿ ದೊಡ್ಡ ಗಾಳಿ ಬಂತು, ಕೊಟ್ಟೂರಾಗ ಕರೆಂಟ್ ಹೋತು. ಕರೆಂಟ್ ಹೋದಾಗ ಸರ್ವರ್ ನಡಸೂ ಬ್ಯಾಟ್ರಿ ಪೆಟಗಿ ಕೂಂಯ್ ಕೂಂಯ್ ಅಂತ ಅತ್ತು ಅತ್ತು ಸುಮ್ಕಾತು. ಐದೂ ಅಂಗಡಿ ನಿಂತ್ವು. ಬಿತ್ತೂ ಕಾಲ, ಬೀಜಕ್ಕ ಮಂದಿ ಹನುಮಪ್ಪನ ಬಾಲ ಆಗಿತ್ತು. ನಮ್ಮ ಮನಿಯವ್ರು ಒಳಗ ಬಂದ್ರು. ‘ಎಲ್ಲಿ ಆಕಿ?’ ಅಂದ್ರು. ಕಾಲೇಜಿಗಿ ಹೋಗ್ಯಾಳ ಅಂದೆ. ‘ಆ ಕಾಲೇಜಿಗಿ ಫೋನ್ ಹಚ್ಚು, ಆಕಿ ಫೋನ್ ಕೊಡು ಇಲ್ಲೆ’ ಅಂದ್ರು. ನಂಬರ್ ಎಲ್ಲಾ ಅದ್ರಾಗ ಇದ್ವು. ನಾ ಹಿಂದಿನ ಖೋಲಿಗಿ ಹೋಗಿ ಒಳಗಿಂದ ಚಿಲಕ ಹಾಕ್ಕೊಂಡು ಬಿಟ್ಟೆ.

ಬಾಗಿಲ ಒದ್ರು. ಬೈದ್ರು. ಆ ಬೈಗುಳ ಬರ್ಯಾಕ ಬರಾಂಗಿಲ್ಲ. ಅಂಗಡಿ ಮುಂದಿನ ಮಂದಿ ಎಲ್ಲಾ ಕೇಳಿರಬೇಕು. ಕತ್ತಲ ಖೋಲಿ, ಒಂದು ಕಿಟಕಿ ಇಲ್ಲ. ಫೋನ್ ಉಡ್ಯಾಗ ಇಟ್ಗಂಡು ಗ್ವಾಡಿಗಿ ಒರಗಿ ಕುಂತೆ. ನಮ್ಮವ್ವ ಸತ್ತ ದಿನಾನೂ ನಾ ಅಷ್ಟು ಅಂಜಿದ್ದಿಲ್ಲ. ಇಷ್ಟೊತ್ತಿಗಿ ಆಕಿ ಬಸ್ ಇಳದಿರಬೇಕು, ಇಷ್ಟೊತ್ತಿಗಿ ಪಾಠ ಮಾಡ್ತಿರಬೇಕು ಅಂತ ಅನ್ಕೋತ ಕುಂತೆ.

ಹರಪನಹಳ್ಳಿಯಿಂದ ಅರುಣ ಬಂದ. ಅವನ ಫೋನಿಗಿ ಬಂದಿತ್ತಂತ ಸುದ್ದಿ. ಕರೆಂಟೂ ಬಂತು. ‘ಅವ್ವಾ ಬಾಗಿಲ ತಗಿ, ನಾ ನೋಡ್ತೀನಿ’ ಅಂದ. ತಗದೆ. ಅವನೇನೋ ಟಕ ಟಕ ಕುಟ್ಟಿದ. ಕೂಡ್ಲಿಗಿ ಒಂದು ಹಟ ಮಾಡಿತ್ತಂತ, ಅದ್ನೂ ಎಬ್ಬಿಸಿದ. ಅಂಗಡಿ ಎಲ್ಲಾ ಚಾಲೂ ಆದ್ವು. ಆಕಿ ಇಲ್ದ ಆದ್ವು.

ಆಮ್ಯಾಲ ನಮ್ಮ ಮನಿಯವ್ರು ನನಗ ಹೊಡದ್ರು. ಮಗನ ಮುಂದ. ಎಷ್ಟು ಅಂತ ಬರೆಯಾಂಗಿಲ್ಲ. ಅರುಣ ಅವರ ಕೈ ಹಿಡೀಲಿಲ್ಲ. ಆದ್ರ ‘ಪುಷ್ಪಾಗ ಹೇಳಿ ಕಳಿಸಲೇ’ ಅಂತ ಅವರು ಅಂದ್ರ ಅವ ಹೇಳಿ ಕಳಿಸಲಿಲ್ಲ. ಅವ ಮಾಡಿದ್ದು ಅಷ್ಟ. ನನಗ ಅಷ್ಟು ಸಾಕಾತು ಅನ್ನಾಂಗಿಲ್ಲ, ಸಾಲಲಿಲ್ಲ.

ಸಂಜಿಗಿ ಆಕಿ ಬಂದ್ಲು. ‘ಅತ್ತೀ, ಆತ್ರೀ! ಕೆಲಸ ಆತು!’ ಅಂತ ನನ್ನ ತಬ್ಗಂಡ್ಲು. ಪಕ್ಕಿ ನೋವಿಗಿ ಜೀವ ಹೋದಂಗ ಆತು, ನಕ್ಕೆ. ಗಲ್ಲ ಎದಕ್ಕ ಬಾತೈತಿ ಅಂದ್ಲು. ಹಲ್ಲುನೋವು ಅಂದೆ. ಖುಷಿಯಾಗ ಇದ್ಲು, ನಂಬಿದ್ಲು, ಲವಂಗ ತಂದು ಕೊಟ್ಲು. ಊಟ ಮಾಡೋ ಮಟ ಬರೇ ನಿಮ್ಮ ಕಾಲೇಜಿನ ಮಾತು. ಹುಡುಗ್ಯಾರು ಎದ್ದು ನಿಂತು ನಮಸ್ಕಾರ ಅಂದ್ರಂತ. ಆಕಿ ಮುಖ ಹಂಗ ಇದ್ದದ್ದು ನಾ ಈ ಮನ್ಯಾಗ ಒಂದು ದಿನಾನೂ ನೋಡಿದ್ದಿಲ್ಲ.

ನಿನ್ನ ಖೋಲಿಗಿ ಬಾ ಅಂತ ಕರದೀಯಂತ. ನಿನ್ನ ಹೊಟ್ಟಿ ತಣ್ಣಗಿರಲಿ. ನನ್ನ ಕೈಲೆ ಆಗಾಂಗಿಲ್ಲ ತಂಗಿ. ಬಸ್ ಹತ್ತಬೇಕು ಅನ್ನಿಸ್ತತಿ, ಕಾಲು ಏಳಾಂಗಿಲ್ಲ. ಮುಂದ ಎಂದರ ಎದ್ರ ನೋಡೂಣು.

ಈಗ ನಾ ಬರದದ್ದು ಎದಕ್ಕ ಅಂದ್ರ, ಆಕಿ ಕಾಲೇಜಿಗಿ ಬಂದಾಗ ನಿನ್ನ ಕೇಳ್ತಾಳ. ಅತ್ತಿ ಮುಖ ಯಾಕೋ ಸರಿ ಇಲ್ಲ, ನಿನಗೇನರ ಗೊತ್ತೈತೇನು ಅಂತಾಳ. ನಿನಗ ಗೊತ್ತಿಲ್ಲ ಅನ್ನು. ಇದನ್ನ ಓದಿ ಹರಿದು ಒಲಿಗಿ ಹಾಕು. ನಿನಗ ಸುಳ್ಳು ಹೇಳಾಕ ಆಗಾಂಗಿಲ್ಲ, ನಿನ್ನ ನಾಲಿಗಿ ಭಾಳ ಹರಿತ ಅಂತ ಆಕಿ ಹೇಳ್ಯಾಳ. ಆದ್ರೂ ಹೇಳು. ಖರೇ ಹೇಳಿದ್ರ ಆಕಿ ನಾಳಿಂದ ಬರಾಂಗಿಲ್ಲ, ನನ್ನ ಮುಂದ ಬಂದು ಕುಂದ್ರತಾಳ. ಅದು ನಾ ಮತ್ತ ಆ ಪ್ಲಗ್ ಕಿತ್ತಂಗ ಆಕ್ಕತಿ, ತಿಳೀತಾ?

ದಾಕ್ಷಾಯಣಮ್ಮ